ಅಂಗಡಿಯ ಕಂಪ್ಯೂಟರಿಗೆ ದೂರದ ಕಾವಲು: ಸಣ್ಣ ವ್ಯಾಪಾರಿ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಅಂಗಡಿ, ಗೋದಾಮು, ಕ್ಲಿನಿಕ್ ಅಥವಾ ಸಣ್ಣ ಕಾರ್ಖಾನೆಯ ಕಂಪ್ಯೂಟರುಗಳನ್ನು ತಂತ್ರಜ್ಞರು ಸ್ಥಳಕ್ಕೆ ಬಾರದೆ ಇಂಟರ್‌ನೆಟ್ ಮೂಲಕವೇ ಗಮನಿಸಿ, ಸರಿಪಡಿಸಿ, ನಿರ್ವಹಿಸುವ ವ್ಯವಸ್ಥೆಗೆ ರಿಮೋಟ್ ಮಾನಿಟರಿಂಗ್ ಅಂಡ್ ಮ್ಯಾನೇಜ್‌ಮೆಂಟ್ ಎಂದು ಹೆಸರು. ವ್ಯವಹಾರದಲ್ಲಿ ಇದನ್ನು ಚಿಕ್ಕದಾಗಿ ಆರ್‌ಎಂಎಂ ಎನ್ನುತ್ತಾರೆ. ಈ ಸೇವೆಯನ್ನು ತಿಂಗಳ ಶುಲ್ಕಕ್ಕೆ ಒದಗಿಸುವ ಸಂಸ್ಥೆಗಳಿಗೆ ಮ್ಯಾನೇಜ್ಡ್ ಸರ್ವಿಸ್ ಪ್ರೊವೈಡರ್ ಅಥವಾ ಎಂಎಸ್‌ಪಿ ಎಂಬ ಹೆಸರಿದೆ. ಬಿಲ್ಲಿಂಗ್, ಜಿಎಸ್‌ಟಿ, ಬ್ಯಾಂಕ್ ವ್ಯವಹಾರ, ಸಾಲದ ಲೆಕ್ಕ ಎಲ್ಲವೂ ಕಂಪ್ಯೂಟರಿನೊಳಗೆ ಸೇರಿರುವ ಈ ಕಾಲದಲ್ಲಿ ವ್ಯಾಪಾರವನ್ನೇ ನಂಬಿದ ಜೈನ ಕುಟುಂಬಗಳಿಗೆ ಈ ವಿಷಯ ಪರಿಚಯವಿರುವುದು ಒಳ್ಳೆಯದು. ಸರಿಯಾಗಿ ಬಳಸಿದರೆ ಇದು ಒಳ್ಳೆಯ ಕಾವಲು. ಎಚ್ಚರವಿಲ್ಲದೆ ಬಳಸಿದರೆ ಅಂಗಡಿಯ ಬೀಗದ ಕೈಯನ್ನು ಅಪರಿಚಿತರ ಕೈಗೆ ಕೊಟ್ಟ ಹಾಗೆ.

ಒಂದೇ ರಸ್ತೆಯಲ್ಲಿ ಎರಡು ಲೋಕ

ಬೆಂಗಳೂರಿನ ಪೂರ್ವ ಅಂಚಿನ ಕುಂದಲಹಳ್ಳಿ ಈ ವಿಷಯವನ್ನು ಅರ್ಥಮಾಡಿಕೊಳ್ಳಲು ತಕ್ಕ ಸ್ಥಳ. ಒಂದು ಕಾಲದ ಹಳ್ಳಿ, ಕೆರೆ. ಇಂದು ಮಾರತಹಳ್ಳಿಗೂ ವೈಟ್‌ಫೀಲ್ಡಿಗೂ ನಡುವಿನ ಜನನಿಬಿಡ ಬಡಾವಣೆ. ಕುಂದಲಹಳ್ಳಿ ಗೇಟಿನಿಂದ ಐಟಿಪಿಎಲ್ ಕಡೆಗೆ ಹೊರಟರೆ ಬ್ರೂಕ್‌ಫೀಲ್ಡ್, ಎಇಸಿಎಸ್ ಬಡಾವಣೆ, ಅದರಾಚೆ ರಫ್ತು ಉತ್ತೇಜನ ಕೈಗಾರಿಕಾ ಪ್ರದೇಶದ ದೊಡ್ಡ ಸಾಫ್ಟ್‌ವೇರ್ ಕ್ಯಾಂಪಸ್ಸುಗಳು ಸಿಗುತ್ತವೆ. 2023ರ ಮಾರ್ಚ್ ತಿಂಗಳಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿನವರೆಗೆ ಆರಂಭವಾದ ನೇರಳೆ ಮಾರ್ಗದ ಮೆಟ್ರೋ ಸಾಲಿನಲ್ಲಿ ಕುಂದಲಹಳ್ಳಿಗೂ ನಿಲ್ದಾಣವಿದೆ.

ದೊಡ್ಡ ಕಂಪನಿಗಳಲ್ಲಿ ಕಂಪ್ಯೂಟರುಗಳನ್ನು ಹಗಲು ರಾತ್ರಿ ಪಾಳಿಯಲ್ಲಿ ಗಮನಿಸುವ ವಿಭಾಗವೇ ಇರುತ್ತದೆ. ಸಾವಿರಾರು ಮೈಲಿ ದೂರದ ಸರ್ವರ್ ಒಂದರ ಡಿಸ್ಕ್ ತುಂಬುತ್ತಾ ಬಂದರೂ ಇಲ್ಲಿ ಕುಳಿತವರಿಗೆ ಸೂಚನೆ ಬರುತ್ತದೆ. ಅದೇ ರಸ್ತೆಯ ಔಷಧ ಅಂಗಡಿ, ಹಾರ್ಡ್‌ವೇರ್ ಮಳಿಗೆ, ಆಭರಣದ ಅಂಗಡಿ, ಹಲ್ಲಿನ ಕ್ಲಿನಿಕ್ಕುಗಳಲ್ಲಿ ಬಿಲ್ಲಿಂಗ್ ಕಂಪ್ಯೂಟರ್ ಕೆಟ್ಟ ಮೇಲೆ ಪರಿಚಯದ ಹುಡುಗನಿಗೆ ಫೋನ್ ಹೋಗುತ್ತದೆ. ಅವನು ಬರುವವರೆಗೆ ಕೈಬರಹದ ಬಿಲ್ಲು. ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ, ಮೂಡುಬಿದಿರೆಗಳ ಅಂಗಡಿಗಳಲ್ಲೂ ಚಿತ್ರ ಬೇರೆಯಿಲ್ಲ. ದೊಡ್ಡ ಕಂಪನಿಗಳ ಆ ಕಾವಲಿನ ಸಣ್ಣ ರೂಪವನ್ನು ಐದು, ಹತ್ತು ಕಂಪ್ಯೂಟರುಗಳ ವ್ಯಾಪಾರಕ್ಕೂ ಎಟುಕುವಂತೆ ಮಾಡಿರುವುದೇ ಆರ್‌ಎಂಎಂ.

ಇದು ಕೆಲಸ ಮಾಡುವ ಬಗೆ

ಪ್ರತಿ ಕಂಪ್ಯೂಟರಿನಲ್ಲಿ ಏಜೆಂಟ್ ಎಂಬ ಒಂದು ಸಣ್ಣ ತಂತ್ರಾಂಶವನ್ನು ಹಾಕುತ್ತಾರೆ. ಅದು ಕೆಲವು ನಿಮಿಷಗಳಿಗೊಮ್ಮೆ ಆ ಕಂಪ್ಯೂಟರಿನ ಸ್ಥಿತಿಯನ್ನು ಸೇವಾದಾರರ ಕೇಂದ್ರಕ್ಕೆ ತಿಳಿಸುತ್ತದೆ. ಕೇಂದ್ರದಲ್ಲಿ ಎಲ್ಲ ಗ್ರಾಹಕರ ಎಲ್ಲ ಯಂತ್ರಗಳೂ ಒಂದೇ ಪರದೆಯಲ್ಲಿ ಕಾಣುತ್ತವೆ. ನಿಗದಿ ಮಾಡಿದ ಮಿತಿಯನ್ನು ಯಾವುದಾದರೂ ಅಂಶ ದಾಟಿದರೆ ತಂತ್ರಜ್ಞರಿಗೆ ಎಚ್ಚರಿಕೆ ಹೋಗುತ್ತದೆ. ಏಜೆಂಟ್ ಹಾಕಲಾಗದ ಪ್ರಿಂಟರ್, ರೂಟರ್, ಯುಪಿಎಸ್‌ಗಳ ಸ್ಥಿತಿಯನ್ನು ಎಸ್‌ಎನ್‌ಎಂಪಿ ಎಂಬ ಸಾಮಾನ್ಯ ಸಂವಹನ ವಿಧಾನದ ಮೂಲಕ ಓದಬಹುದು. ಈ ವಿಧಾನ 1988ರಿಂದ ಬಳಕೆಯಲ್ಲಿದೆ.

ವ್ಯವಸ್ಥೆಗೆ ಎರಡು ಮುಖಗಳಿವೆ. ಮೊದಲನೆಯದು ನೋಡುವುದು. ಎರಡನೆಯದು ಮಾಡುವುದು: ದೂರದಿಂದಲೇ ಹೊಸ ತಂತ್ರಾಂಶ ಹಾಕುವುದು, ಭದ್ರತಾ ತಿದ್ದುಪಡಿಗಳನ್ನು ಅಳವಡಿಸುವುದು, ಯಂತ್ರವನ್ನು ಮರುಚಾಲನೆ ಮಾಡುವುದು, ಪರದೆಯನ್ನು ತೆರೆದು ಮೌಸ್ ಹಿಡಿಯುವುದು. ನೋಡುವುದರಿಂದ ಅಪಾಯ ಕಡಿಮೆ. ಮಾಡುವ ಅಧಿಕಾರದಿಂದ ಅನುಕೂಲವೂ ಹೆಚ್ಚು, ಅಪಾಯವೂ ಹೆಚ್ಚು. ಸೇವೆ ಪಡೆಯುವ ಮಾಲೀಕರು ಈ ವ್ಯತ್ಯಾಸವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಕಸೇಯಾ, ಎನ್‌-ಏಬಲ್, ನಿಂಜಾಒನ್, ಅಟೆರಾ ಈ ಕ್ಷೇತ್ರದ ಪರಿಚಿತ ಹೆಸರುಗಳು. ಚೆನ್ನೈ ಮೂಲದ ಜೋಹೊ ಸಂಸ್ಥೆಯ ಮ್ಯಾನೇಜ್‌ಎಂಜಿನ್ ವಿಭಾಗವೂ ಇಂಥ ತಂತ್ರಾಂಶ ಮಾರುತ್ತದೆ. ಜಬಿಕ್ಸ್‌ನಂಥ ಮುಕ್ತ ತಂತ್ರಾಂಶಗಳೂ ಇವೆ. ಅವುಗಳಿಗೆ ಪರವಾನಗಿ ಶುಲ್ಕವಿಲ್ಲ, ಆದರೆ ನಡೆಸಲು ಬಲ್ಲವರು ಬೇಕು.

ಔಷಧ ಅಂಗಡಿಯೊಂದರ ಲೆಕ್ಕ

ಎರಡು ಬಿಲ್ಲಿಂಗ್ ಕಂಪ್ಯೂಟರ್, ಒಳಗಿನ ಕೋಣೆಯಲ್ಲಿ ಲೆಕ್ಕಪತ್ರದ ಒಂದು ಕಂಪ್ಯೂಟರ್, ಒಂದು ರೂಟರ್, ಒಂದು ಯುಪಿಎಸ್ ಇರುವ ಔಷಧ ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇಲ್ಲಿ ಸೇವಾದಾರರು ಗಮನಿಸಬೇಕಾದ ಅಂಶಗಳು ಹೆಚ್ಚಿಲ್ಲ.

– ಹಾರ್ಡ್ ಡಿಸ್ಕಿನಲ್ಲಿ ಉಳಿದ ಜಾಗ ಮತ್ತು ಡಿಸ್ಕ್ ಹಾಳಾಗುವ ಮುನ್ಸೂಚನೆ. ಹಲವು ಡಿಸ್ಕುಗಳು ಪೂರ್ತಿ ಕೆಡುವ ಮೊದಲು ತಪ್ಪುಗಳ ಎಣಿಕೆಯನ್ನು ತಾವೇ ತೋರಿಸುತ್ತವೆ.
– ವಿಂಡೋಸ್ ಮತ್ತು ಇತರ ತಂತ್ರಾಂಶಗಳ ಭದ್ರತಾ ತಿದ್ದುಪಡಿ ಬಾಕಿ ಇದೆಯೇ ಎಂಬುದು.
– ಆಂಟಿವೈರಸ್ ಚಾಲ್ತಿಯಲ್ಲಿದೆಯೇ, ಯಾರಾದರೂ ನಿಲ್ಲಿಸಿದ್ದಾರೆಯೇ ಎಂಬುದು.
– ನಿನ್ನೆ ರಾತ್ರಿಯ ಬ್ಯಾಕಪ್ ಮುಗಿದಿದೆಯೇ ಎಂಬುದು.
– ತಪ್ಪು ಪಾಸ್‌ವರ್ಡ್‌ನಿಂದ ಒಳಬರಲು ಪದೇಪದೇ ಪ್ರಯತ್ನ ನಡೆದಿದೆಯೇ ಎಂಬುದು.
– ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂಬುದು.

ಈ ಆರರಲ್ಲಿ ಹೆಚ್ಚು ಬೆಲೆಬಾಳುವುದು ನಾಲ್ಕನೆಯದು. ಬ್ಯಾಕಪ್ ವ್ಯವಸ್ಥೆ ಹಾಕಿಸಿಕೊಂಡ ಅಂಗಡಿಗಳಲ್ಲೂ ಅದು ಯಾವಾಗಲೋ ನಿಂತುಹೋಗಿ, ಬೇಕಾದ ದಿನವೇ ಗೊತ್ತಾಗುವುದುಂಟು. ಪೆನ್‌ಡ್ರೈವ್ ತುಂಬಿರುತ್ತದೆ, ಪಾಸ್‌ವರ್ಡ್ ಬದಲಾಗಿರುತ್ತದೆ, ಫೋಲ್ಡರ್ ಜಾಗ ಬದಲಾಗಿರುತ್ತದೆ. ದಿನವೂ ನೋಡುವವರಿದ್ದರೆ ಇದು ಮರುದಿನವೇ ಬೆಳಕಿಗೆ ಬರುತ್ತದೆ. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ ನಡೆದುಕೊಳ್ಳಬೇಕು ಎನ್ನುವ ಆದಾನ ನಿಕ್ಷೇಪಣ ಸಮಿತಿಯನ್ನು ಮುನಿಗಳ ಆಚಾರದಲ್ಲಿ ಕಂಡವರಿಗೆ ದಿನನಿತ್ಯದ ಈ ಪರಿಶೀಲನೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಡಮಾಡಿದ ತಿದ್ದುಪಡಿಯ ಬೆಲೆ

2017ರ ಮೇ 12ರಂದು ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳು ಬೀಗ ಹಾಕಿದಂತಾದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ಮುಂದಕ್ಕೆ ಹೋದವು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎರಡು ತಿಂಗಳ ಕಾಲ ಅದನ್ನು ಹಾಕಿಕೊಳ್ಳದ ಯಂತ್ರಗಳಿಗೆ ಪೆಟ್ಟು ಬಿತ್ತು.

ಇಂದಿನ ಅಂಗಡಿಗಳಿಗೆ ಇದಕ್ಕಿಂತ ಹತ್ತಿರದ ವಿಷಯ ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಸ್ತರಿತ ಭದ್ರತಾ ಯೋಜನೆಗೆ ಸೇರದ ಯಂತ್ರಗಳಿಗೆ ಹೊಸ ತಿದ್ದುಪಡಿಗಳು ಬರುವುದಿಲ್ಲ. ಕಂಪ್ಯೂಟರ್ ಎಂದಿನಂತೆ ಓಡುತ್ತಲೇ ಇರುವುದರಿಂದ ಮಾಲೀಕರಿಗೆ ವ್ಯತ್ಯಾಸ ಕಾಣುವುದಿಲ್ಲ. ಯಾವ ಯಂತ್ರದಲ್ಲಿ ಯಾವ ಆವೃತ್ತಿ ಇದೆ ಎಂಬ ಪಟ್ಟಿಯನ್ನು ಕೊಡುವುದು ಆರ್‌ಎಂಎಂನ ಮೊದಲ ಉಪಯೋಗಗಳಲ್ಲೊಂದು.

ಕೀಲಿ ಕೊಟ್ಟ ಮೇಲೆ

ಕಾವಲುಗಾರನ ಕೋಣೆಗೇ ಕಳ್ಳ ನುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ 2021ರ ಜುಲೈ 2ರ ಘಟನೆ ಉದಾಹರಣೆ. ರೆವಿಲ್ ಎಂಬ ಸುಲಿಗೆಕೋರರ ಗುಂಪು ಕಸೇಯಾ ಸಂಸ್ಥೆಯ ವಿಎಸ್‌ಎ ಎಂಬ ಆರ್‌ಎಂಎಂ ತಂತ್ರಾಂಶದ ದೋಷವನ್ನು ಬಳಸಿಕೊಂಡು ಸುಮಾರು 60 ಸೇವಾದಾರರ ವ್ಯವಸ್ಥೆಯೊಳಗೆ ಹೊಕ್ಕಿತು. ಅಲ್ಲಿಂದ ಅವರ ಗ್ರಾಹಕರ ಯಂತ್ರಗಳಿಗೆ ಸುಲಿಗೆ ತಂತ್ರಾಂಶವನ್ನು, ಎಂದಿನ ತಿದ್ದುಪಡಿಯನ್ನು ಕಳುಹಿಸುವ ದಾರಿಯಲ್ಲೇ ಕಳುಹಿಸಿತು. 800ರಿಂದ 1,500 ಸಂಸ್ಥೆಗಳು ತೊಂದರೆಗೆ ಸಿಲುಕಿದವು ಎಂದು ಕಸೇಯಾ ಅಂದಾಜು ಮಾಡಿತು. ಅವುಗಳಲ್ಲಿ ಬಹುಪಾಲು ಸಣ್ಣ ವ್ಯಾಪಾರಗಳು. ಕಸೇಯಾ ಎಂಬ ಹೆಸರನ್ನೇ ಕೇಳದವರೂ ಇದ್ದಿರಬೇಕು. ಸ್ವೀಡನ್ನಿನ ಕೂಪ್ ಎಂಬ ದಿನಸಿ ಮಳಿಗೆ ಸರಣಿ ನೇರವಾಗಿ ಕಸೇಯಾದ ಗ್ರಾಹಕನಾಗಿರಲಿಲ್ಲ. ಅದರ ಬಿಲ್ಲಿಂಗ್ ಯಂತ್ರಗಳನ್ನು ನೋಡಿಕೊಳ್ಳುವವರು ಆ ತಂತ್ರಾಂಶ ಬಳಸುತ್ತಿದ್ದರು. ಅಷ್ಟಕ್ಕೇ ಸುಮಾರು 800 ಮಳಿಗೆಗಳಲ್ಲಿ ಬಹುತೇಕವನ್ನು ಮುಚ್ಚಬೇಕಾಯಿತು. ಈ ದೋಷವನ್ನು ನೆದರ್ಲೆಂಡ್ಸ್‌ನ ಸ್ವಯಂಸೇವಕ ಸಂಶೋಧಕರು ಅದೇ ಏಪ್ರಿಲ್‌ನಲ್ಲಿ ಪತ್ತೆಹಚ್ಚಿ ತಿಳಿಸಿದ್ದರು. ಪೂರ್ಣ ತಿದ್ದುಪಡಿ ಬರುವಷ್ಟರಲ್ಲಿ ದಾಳಿ ನಡೆದುಹೋಗಿತ್ತು.

ಭಾರತದಲ್ಲೂ ಇಂಥ ಅನುಭವವಾಗಿದೆ. 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ನೀಡುವ ಸಿ-ಎಡ್ಜ್ ಟೆಕ್ನಾಲಜೀಸ್ ವ್ಯವಸ್ಥೆಯ ಮೇಲೆ ಸುಲಿಗೆ ದಾಳಿಯಾದ ಶಂಕೆ ಬಂದಾಗ ರಾಷ್ಟ್ರೀಯ ಪಾವತಿ ನಿಗಮ ಅದನ್ನು ತಾತ್ಕಾಲಿಕವಾಗಿ ಪಾವತಿ ಜಾಲದಿಂದ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆ ಸ್ವಲ್ಪಕಾಲ ನಿಂತಿತು ಎಂದು ವರದಿಯಾಯಿತು. ಸೌಹಾರ್ದ ಸಹಕಾರಿಗಳನ್ನೂ ಪತ್ತಿನ ಸಂಘಗಳನ್ನೂ ನಡೆಸುವವರು ಗಮನಿಸಬೇಕಾದ ಘಟನೆಯಿದು. ಹಲವರು ಒಬ್ಬನನ್ನೇ ನಂಬಿದಾಗ ಆ ಒಬ್ಬನಿಗೆ ಬಿದ್ದ ಪೆಟ್ಟು ಎಲ್ಲರಿಗೂ ತಗಲುತ್ತದೆ.

ಹಾಗೆಂದು ಸೇವೆಯೇ ಬೇಡ ಎಂದು ಕೂರುವುದು ಪರಿಹಾರವಲ್ಲ. ಯಾರೂ ನೋಡದ ಯಂತ್ರಕ್ಕೆ ಬರುವ ಅಪಾಯ ಇದಕ್ಕಿಂತ ಕಡಿಮೆಯಲ್ಲ. ಕೀಲಿಯನ್ನು ಯಾರಿಗೆ, ಎಷ್ಟು, ಯಾವ ಷರತ್ತಿಗೆ ಕೊಡಬೇಕು ಎಂಬುದನ್ನು ಮಾಲೀಕರೇ ತೀರ್ಮಾನಿಸಬೇಕು.

ಫೋನಿನಲ್ಲಿ ಬರುವ ನಕಲಿ ಸಹಾಯ

ನಿಜವಾದ ದೂರ ನಿರ್ವಹಣೆಗೂ ಮೋಸಕ್ಕೂ ಬಳಕೆಯಾಗುವ ಸಾಧನ ಹಲವು ಬಾರಿ ಒಂದೇ. ಬ್ಯಾಂಕಿನವರು, ಕಂಪನಿಯವರು ಎಂದು ಹೇಳಿಕೊಂಡು ಫೋನ್ ಮಾಡಿ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿ, ಹಣ ತೆಗೆಯುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ ಎಚ್ಚರಿಕೆಯಲ್ಲಿ ಎನಿಡೆಸ್ಕ್ ಆ್ಯಪಿನ ಹೆಸರಿತ್ತು. ಆ್ಯಪ್ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಯಾರ ಕೈಯಲ್ಲಿದೆ ಎಂಬುದು ಮುಖ್ಯ. ಅಸಲಿ ಆರ್‌ಎಂಎಂ ತಂತ್ರಾಂಶಗಳನ್ನೇ ವಂಚಕರು ಬಳಸುತ್ತಿದ್ದಾರೆ ಎಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2023ರ ಜನವರಿಯಲ್ಲಿ ಪ್ರಕಟಣೆ ಹೊರಡಿಸಿತು. ಅಸಲಿ ತಂತ್ರಾಂಶವಾದ್ದರಿಂದ ಆಂಟಿವೈರಸ್ ಅದನ್ನು ತಡೆಯದೇ ಇರಬಹುದು.

ಆದ್ದರಿಂದ ಮನೆಯ ಹಿರಿಯರಿಗೂ ಅಂಗಡಿಯ ಸಿಬ್ಬಂದಿಗೂ ಒಂದೇ ನಿಯಮ ತಿಳಿಸಿದರೆ ಸಾಕು: ಯಾರೋ ಕರೆ ಮಾಡಿ ಹೇಳಿದರೆಂದು ಯಾವ ಆ್ಯಪನ್ನೂ ಹಾಕಬಾರದು, ಪರದೆಯಲ್ಲಿ ಕಾಣುವ ಸಂಖ್ಯೆಯನ್ನು ಓದಿ ಹೇಳಬಾರದು. ಸೇವಾದಾರರ ಹೆಸರು ಹೇಳಿಕೊಂಡು ಕರೆ ಬಂದರೂ ಕರೆ ಮುಗಿಸಿ, ಮೊದಲೇ ಬರೆದಿಟ್ಟ ಸಂಖ್ಯೆಗೆ ತಾವೇ ಕರೆ ಮಾಡಬೇಕು.

ಒಪ್ಪಂದಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಪರಿಚಯದವರು, ಸಮಾಜದವರೇ ಸೇವೆ ಕೊಡುವವರಾದರೂ ಬರವಣಿಗೆಯಲ್ಲಿ ಒಪ್ಪಂದವಿರಬೇಕು. ಅದರಿಂದ ಸ್ನೇಹವೂ ಉಳಿಯುತ್ತದೆ.

1. ಯಾವ ತಂತ್ರಾಂಶ ಬಳಸುತ್ತೀರಿ, ಅದರ ತಿದ್ದುಪಡಿಗಳನ್ನು ನಿಮ್ಮ ಕಡೆ ಎಷ್ಟು ದಿನದೊಳಗೆ ಹಾಕುತ್ತೀರಿ?
2. ನಮ್ಮ ಯಂತ್ರಗಳನ್ನು ಮುಟ್ಟಬಲ್ಲವರು ನಿಮ್ಮಲ್ಲಿ ಎಷ್ಟು ಮಂದಿ? ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ, ಎರಡು ಹಂತದ ಗುರುತು ಪರಿಶೀಲನೆ ಇದೆಯೇ? ಒಬ್ಬರು ಕೆಲಸ ಬಿಟ್ಟ ದಿನವೇ ಅವರ ಖಾತೆ ಮುಚ್ಚುತ್ತೀರಾ?
3. ಪರದೆ ತೆರೆಯುವ ಮೊದಲು ನಮ್ಮ ಒಪ್ಪಿಗೆ ಕೇಳುವ ವ್ಯವಸ್ಥೆ ಇದೆಯೇ? ಯಾರು ಯಾವಾಗ ಬಂದು ಏನು ಮಾಡಿದರು ಎಂಬ ದಾಖಲೆ ನಮಗೆ ಸಿಗುತ್ತದೆಯೇ?
4. ಯಾವ ಮಾಹಿತಿ ಸಂಗ್ರಹಿಸುತ್ತೀರಿ? ಅಗತ್ಯಕ್ಕಿಂತ ಹೆಚ್ಚಿನದನ್ನು ಸಂಗ್ರಹಿಸುವುದಿಲ್ಲ ಎಂದು ಬರೆದುಕೊಡುತ್ತೀರಾ?
5. ಎಚ್ಚರಿಕೆ ಬಂದ ಎಷ್ಟು ಹೊತ್ತಿನೊಳಗೆ ಕ್ರಮ ಕೈಗೊಳ್ಳುತ್ತೀರಿ? ಭಾನುವಾರ, ಹಬ್ಬದ ದಿನಗಳಲ್ಲಿ ಹೇಗೆ?
6. ಸೇವೆ ನಿಲ್ಲಿಸಿದಾಗ ಏಜೆಂಟ್ ತೆಗೆದು, ಪಾಸ್‌ವರ್ಡುಗಳನ್ನು ಹಿಂದಿರುಗಿಸಿ, ನಮ್ಮ ಮಾಹಿತಿ ಅಳಿಸುತ್ತೀರಾ?

ನಾಲ್ಕನೆಯ ಪ್ರಶ್ನೆ ಶ್ರಾವಕರಿಗೆ ಹೊಸದಲ್ಲ. ಆಸ್ತಿಗೆ ಮಿತಿ ಹಾಕಿಕೊಳ್ಳುವ ಪರಿಗ್ರಹ ಪರಿಮಾಣ ವ್ರತದ ವಿವೇಕವನ್ನು ಮಾಹಿತಿಗೂ ಅನ್ವಯಿಸಿಕೊಂಡರೆ ಆಯಿತು. ಇಲ್ಲದ ಮಾಹಿತಿಯನ್ನು ಯಾರೂ ಕದಿಯಲಾರರು.

ಇನ್ನೊಂದು ಮಾತು: ಮುಖ್ಯ ಆಡಳಿತ ಖಾತೆಯ ಪಾಸ್‌ವರ್ಡ್, ಡೊಮೈನ್ ಹೆಸರು, ಇಮೇಲ್ ಖಾತೆಯ ಒಡೆತನ ಮಾಲೀಕರ ಹೆಸರಿನಲ್ಲೇ ಇರಬೇಕು. ಅವು ಸೇವಾದಾರರ ಹೆಸರಿನಲ್ಲಿದ್ದರೆ ಮುಂದೆ ಬೇರೆಯವರ ಬಳಿಗೆ ಹೋಗುವುದು ಕಷ್ಟ.

ಪ್ರತಿ ಮಾಡಿಡುವ ಪರಂಪರೆ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಕನ್ನಡನಾಡಿನ ಹೆಮ್ಮೆ. ಗ್ರಂಥ ಒಂದೇ ಕಡೆ ಇದ್ದರೆ ಬೆಂಕಿ, ನೀರು, ಗೆದ್ದಲು ಯಾವುದಾದರೂ ಒಂದು ಸಾಕು. ಹಲವು ಕಡೆ ಇದ್ದರೆ ಉಳಿಯುತ್ತದೆ. ಲೆಕ್ಕಪತ್ರದ ಕಡತಕ್ಕೂ ಇದೇ ನ್ಯಾಯ. ತಂತ್ರಜ್ಞರು ಹೇಳುವ ಸರಳ ಸೂತ್ರ ಮೂರು, ಎರಡು, ಒಂದು: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಅಂಗಡಿಯ ಹೊರಗೆ.

ಸುಲಿಗೆ ತಂತ್ರಾಂಶ ಬಂದ ಮೇಲೆ ಇದಕ್ಕೆ ಮತ್ತೊಂದು ಷರತ್ತು ಸೇರಿದೆ. ಕಂಪ್ಯೂಟರಿಗೆ ಸದಾ ಚುಚ್ಚಿಟ್ಟ ಡಿಸ್ಕಿನಲ್ಲಿರುವ ಪ್ರತಿಗೂ ಬೀಗ ಬೀಳುತ್ತದೆ. ಆದ್ದರಿಂದ ಒಂದು ಪ್ರತಿಯಾದರೂ ಜಾಲದಿಂದ ಬೇರ್ಪಟ್ಟಿರಬೇಕು, ಸೇವಾದಾರರ ಆರ್‌ಎಂಎಂ ಖಾತೆಯಿಂದಲೂ ಅಳಿಸಲಾಗದಂತಿರಬೇಕು. ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ಟ್ಯಾಲಿ ದತ್ತಾಂಶ ನಕಲು ಮಾಡಿ, ಕೇಬಲ್ ತೆಗೆದು, ಮನೆಯ ಕಪಾಟಿನಲ್ಲಿ ಇಡುವುದು ಹಳೆಯ ಕ್ರಮ. ಈಗಲೂ ಒಳ್ಳೆಯ ಕ್ರಮ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿ ಎಂದು ಎಣಿಸುವಂತಿಲ್ಲ.

ಕಾನೂನು ಏನು ಹೇಳುತ್ತದೆ

ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಕಂಪ್ಯೂಟರ್ ಕೆಟ್ಟು ಲೆಕ್ಕ ಹೋಯಿತು ಎಂದರೆ ಆ ಹೊಣೆ ತಪ್ಪುವುದಿಲ್ಲ. ಕಂಪನಿಯಾಗಿ ನೋಂದಣಿಯಾದ ಸಂಸ್ಥೆಗಳಿಗೆ ನಿಯಮ ಇನ್ನಷ್ಟು ಬಿಗಿ: ಎಲೆಕ್ಟ್ರಾನಿಕ್ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರಿನಲ್ಲಿ ದಿನವೂ ಆಗಬೇಕು ಎಂದು 2022ರಲ್ಲಿ ತಿದ್ದುಪಡಿಯಾಯಿತು. ಲೆಕ್ಕದಲ್ಲಿ ಮಾಡಿದ ಪ್ರತಿ ಬದಲಾವಣೆಯ ಜಾಡು ಉಳಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಜಾರಿಯಲ್ಲಿದೆ.

ದೇಶದ ಕಂಪ್ಯೂಟರ್ ತುರ್ತು ಸ್ಪಂದನ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ವ್ಯವಸ್ಥೆಯ ದಾಖಲೆಗಳನ್ನು 180 ದಿನ ಇಟ್ಟಿರಬೇಕು ಎಂದು ಸೇವಾದಾರರು ಮತ್ತು ಸಂಸ್ಥೆಗಳಿಗೆ ಸೂಚಿಸಿದೆ. ಆರ್‌ಎಂಎಂ ಸೇವಾದಾರರು ಇದನ್ನು ಬಲ್ಲರೇ ಎಂದು ಕೇಳಿ ನೋಡಬಹುದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಹಂತಹಂತವಾಗಿ ಜಾರಿಗೆ ಬರುತ್ತವೆ. ಈ ಕಾಯ್ದೆಯಂತೆ ಗ್ರಾಹಕರ ಮಾಹಿತಿ ಸಂಗ್ರಹಿಸಿದವರೇ ಅದಕ್ಕೆ ಹೊಣೆ. ಬೇರೆಯವರಿಗೆ ನಿರ್ವಹಣೆ ವಹಿಸಿದ್ದರೂ ಹೊಣೆ ವರ್ಗವಾಗುವುದಿಲ್ಲ, ಅವರೊಡನೆ ಕ್ರಮಬದ್ಧ ಒಪ್ಪಂದವೂ ಇರಬೇಕು.

ಬಸದಿ, ಟ್ರಸ್ಟ್, ವಿದ್ಯಾರ್ಥಿನಿಲಯಗಳು

ಸಮಾಜದ ಸಂಸ್ಥೆಗಳ ಕಚೇರಿಗಳೂ ಇದಕ್ಕೆ ಹೊರತಲ್ಲ. ದಾನಕ್ಕೆ ತೆರಿಗೆ ರಿಯಾಯಿತಿಯ ಮಾನ್ಯತೆ ಇರುವ ಟ್ರಸ್ಟುಗಳು ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕಾದ್ದರಿಂದ ದಾನಿಗಳ ಹೆಸರು, ವಿಳಾಸ, ಪ್ಯಾನ್ ಸಂಖ್ಯೆ ಕಚೇರಿಯ ಕಂಪ್ಯೂಟರಿನಲ್ಲಿ ಇರುತ್ತವೆ. ವಿದ್ಯಾರ್ಥಿನಿಲಯಗಳಲ್ಲಿ ಮಕ್ಕಳ ದಾಖಲೆ, ವಧೂವರ ಮಾಹಿತಿ ಕೇಂದ್ರಗಳಲ್ಲಿ ಕುಟುಂಬಗಳ ಖಾಸಗಿ ವಿವರ ಇರುತ್ತವೆ. ಪದಾಧಿಕಾರಿಗಳು ಬದಲಾದಾಗ ಪಾಸ್‌ವರ್ಡ್ ಬದಲಾಗದೆ ಉಳಿಯುವುದು ಇಲ್ಲಿನ ಸಾಮಾನ್ಯ ದೋಷ. ಅಧಿಕಾರ ಹಸ್ತಾಂತರದ ದಿನ ನಗದು ಪುಸ್ತಕ, ಬೀಗದ ಕೈ ಒಪ್ಪಿಸುವಂತೆಯೇ ಖಾತೆಗಳ ಪಟ್ಟಿಯನ್ನೂ ಒಪ್ಪಿಸಿ, ಪಾಸ್‌ವರ್ಡ್ ಬದಲಿಸಿ, ನಡಾವಳಿಯಲ್ಲಿ ಬರೆಯುವುದು ಒಳ್ಳೆಯ ರೂಢಿ.

ಪರ್ವದ ರಜೆಗೆ ಮುನ್ನ

ಕಸೇಯಾ ದಾಳಿ ನಡೆದದ್ದು ಅಮೆರಿಕದ ಸ್ವಾತಂತ್ರ್ಯ ದಿನದ ರಜೆ ಶುರುವಾಗುವ ಶುಕ್ರವಾರ. ಕಚೇರಿಯಲ್ಲಿ ಜನ ಕಡಿಮೆಯಿರುವ ಹೊತ್ತನ್ನು ದಾಳಿಕೋರರು ಬೇಕೆಂದೇ ಆರಿಸಿಕೊಳ್ಳುತ್ತಾರೆ. ಶ್ವೇತಾಂಬರರ 8 ದಿನಗಳ ಪರ್ಯುಷಣ, ದಿಗಂಬರರ 10 ದಿನಗಳ ದಶಲಕ್ಷಣ ಪರ್ವದಲ್ಲಿ ಅಂಗಡಿಯವರ ಗಮನ ಆರಾಧನೆಯ ಕಡೆಗಿರುತ್ತದೆ. ದೀಪಾವಳಿಯಲ್ಲಿ ನಿರ್ವಾಣ ಕಲ್ಯಾಣಕದ ಜೊತೆಗೆ ಹೊಸ ಲೆಕ್ಕದ ಪೂಜೆಯೂ ಇರುತ್ತದೆ. ಪರ್ವಕ್ಕೆ ಒಂದು ವಾರ ಮೊದಲು ಬ್ಯಾಕಪ್ ತೆಗೆದು ಹೊರಗಿಟ್ಟು, ಬಾಕಿ ತಿದ್ದುಪಡಿ ಮುಗಿಸಿ, ಬೇಡದ ಯಂತ್ರಗಳನ್ನು ಪೂರ್ತಿ ಆರಿಸಿ, ಆ ದಿನಗಳಲ್ಲಿ ಎಚ್ಚರಿಕೆ ಯಾರ ಫೋನಿಗೆ ಹೋಗಬೇಕು ಎಂದು ಸೇವಾದಾರರಿಗೆ ತಿಳಿಸಿದರೆ ನಿಶ್ಚಿಂತೆಯಿಂದ ಸಾಮಾಯಿಕದಲ್ಲಿ ಕೂರಬಹುದು.

ಅವಘಡ ನಡೆದೇ ಬಿಟ್ಟರೆ

ಪರದೆಯ ಮೇಲೆ ಹಣ ಕೇಳುವ ಸಂದೇಶ ಬಂದರೆ ಅಥವಾ ಮೌಸ್ ತಾನಾಗಿಯೇ ಓಡಾಡಿದರೆ ಮೊದಲು ಇಂಟರ್‌ನೆಟ್ ಕೇಬಲ್ ತೆಗೆಯಬೇಕು, ವೈಫೈ ನಿಲ್ಲಿಸಬೇಕು. ಯಂತ್ರದಲ್ಲಿನ ಯಾವುದನ್ನೂ ಅಳಿಸಬಾರದು, ಪರದೆಯ ಫೋಟೋ ತೆಗೆದಿಟ್ಟುಕೊಳ್ಳಬೇಕು. ಸೇವಾದಾರರಿಗೆ ಬರೆದಿಟ್ಟ ಸಂಖ್ಯೆಯಲ್ಲಿ ಕರೆ ಮಾಡಿ, ಬೇರೆ ಯಂತ್ರದಿಂದ ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್ ಬದಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ದೂರು ಬೇಗ ತಲುಪಿದಷ್ಟೂ ಹಣವನ್ನು ಮಧ್ಯದಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಈ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು, ಸೇವಾದಾರರ ಮತ್ತು ಬ್ಯಾಂಕಿನ ದೂರವಾಣಿ ಸಂಖ್ಯೆಗಳೊಡನೆ ಗಲ್ಲಾದ ಪಕ್ಕದ ಗೋಡೆಗೆ ಅಂಟಿಸಿಡುವುದು ಸೂಕ್ತ.